ಒಳ್ಳೆಯ ಉದ್ಯೋಗ ಯಾರ ಪಾಲಿಗೆ? ಕೋಲಾರದ ಸಹಪಾಠಿಗಳಿಗೆ ಒಂದು ಅಧ್ಯಯನ ಟಿಪ್ಪಣಿ

ಉದ್ಯೋಗದ ವಿಷಯದಲ್ಲಿ ವಿಶ್ವವಿದ್ಯಾಲಯವು ಮಾಡಬಹುದಾದ ಕೆಲಸಗಳು ಎರಡು. ಯಾರಿಗೆ ಒಳ್ಳೆಯ ಕೆಲಸ ಸಿಗುತ್ತಿದೆ, ಯಾರು ಎಲ್ಲಿ ತಡೆಯಲ್ಪಡುತ್ತಿದ್ದಾರೆ ಎಂಬುದನ್ನು ಸಂಶೋಧನೆಯಿಂದ ಕಂಡುಕೊಳ್ಳುವುದು ಮೊದಲನೆಯದು; ಕಂಡುಕೊಂಡದ್ದನ್ನು ಹಳ್ಳಿಗೆ, ಕಾಲೇಜಿಗೆ, ಕಾರ್ಖಾನೆಗೆ ಒಯ್ದು ಬಳಕೆಗೆ ತರುವ ವಿಸ್ತರಣಾ ಕಾರ್ಯ ಎರಡನೆಯದು. ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮತ್ತು ಸಮಾಜಕಾರ್ಯ ಓದುತ್ತಿರುವ ನಮ್ಮ ಜಿಲ್ಲೆಯ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿಯನ್ನು ಬರೆದಿದ್ದೇನೆ. ಅಭ್ಯರ್ಥಿಗಳ ಜರಡಿ ಸಂದರ್ಶನದ ಕೋಣೆಗಿಂತ ಬಹಳ ಮೊದಲೇ ಆರಂಭವಾಗುತ್ತದೆ. ಆದ್ದರಿಂದ ನಮ್ಮ ಸಂಶೋಧನೆಯೂ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಒಳ್ಳೆಯ ಉದ್ಯೋಗ’ ಎಂದರೇನು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1999ರಲ್ಲಿ ಘನತೆಯ ಕೆಲಸ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಾಗ ಉದ್ಯೋಗಾವಕಾಶದ ಜೊತೆಗೆ ಕೆಲಸದ ಸ್ಥಳದ ಹಕ್ಕುಗಳು, ಸಾಮಾಜಿಕ ಭದ್ರತೆ ಮತ್ತು ಮಾತುಕತೆಯ ಅವಕಾಶವನ್ನೂ ಸೇರಿಸಿತು. ಸಮೀಕ್ಷೆಗೆ ಹೊರಡುವವರು ಇದನ್ನು ಕೇಳಿ ತಿಳಿಯಬಹುದಾದ ಸಂಗತಿಗಳಾಗಿ ಒಡೆದುಕೊಳ್ಳಬೇಕಾಗುತ್ತದೆ: ನೇಮಕಾತಿ ಪತ್ರ ಕೊಟ್ಟಿದ್ದಾರೆಯೇ, ಸಂಬಳದ ಚೀಟಿ ಪ್ರತಿ ತಿಂಗಳೂ ಕೈಗೆ ಬರುತ್ತದೆಯೇ, ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟುತ್ತಿದ್ದಾರೆಯೇ, ಹೆಚ್ಚುವರಿ ಗಂಟೆಗಳ ದುಡಿಮೆಗೆ ಹಣ ಲೆಕ್ಕವಾಗುತ್ತದೆಯೇ, ಸಂಬಳದಲ್ಲಿ ವ್ಯತ್ಯಾಸವಾದರೆ ಯಾರ ಬಳಿ ಹೋಗಿ ಕೇಳಬೇಕೆಂದು ಗೊತ್ತಿದೆಯೇ. ಕೊನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. 2020ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ನರಸಾಪುರದ ಮೊಬೈಲ್ ಫೋನ್ ತಯಾರಿಕಾ ಘಟಕವೊಂದರಲ್ಲಿ ವೇತನದ ವಿಚಾರಕ್ಕೆ ನಡೆದ ಗಲಭೆ ದೇಶದಾದ್ಯಂತ ಸುದ್ದಿಯಾಯಿತು; ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದವರಾಗಿದ್ದರು. ಕೆಲಸ ಸಿಕ್ಕಿತೆಂಬ ಮಾತ್ರಕ್ಕೆ ಒಳ್ಳೆಯ ಕೆಲಸ ಸಿಕ್ಕಿತೆಂದು ಅಂಕಿಅಂಶದಲ್ಲಿ ಬರೆದುಕೊಳ್ಳುವುದು ಏಕೆ ತಪ್ಪೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಅರ್ಜಿಯ ಮೇಲಿನ ಹೆಸರು

ಈ ಕ್ಷೇತ್ರದಲ್ಲಿ ನಾವೆಲ್ಲರೂ ಓದಲೇಬೇಕಾದ ಭಾರತೀಯ ಅಧ್ಯಯನವೊಂದನ್ನು ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದರು. 2005ರ ಅಕ್ಟೋಬರ್‌ನಿಂದ 66 ವಾರಗಳ ಕಾಲ ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ ಒಟ್ಟು 4,808 ಅರ್ಜಿಗಳನ್ನು ಕಳುಹಿಸಲಾಯಿತು. ಅರ್ಜಿದಾರರ ವಿದ್ಯಾರ್ಹತೆ ಮತ್ತು ಅನುಭವ ಸಮನಾಗಿದ್ದು, ಹೆಸರು ಮಾತ್ರ ಮೇಲ್ಜಾತಿಯ ಹಿಂದೂ, ದಲಿತ ಅಥವಾ ಮುಸ್ಲಿಂ ಎಂದು ಗುರುತಿಸುವಂತೆ ಬೇರೆಯಾಗಿತ್ತು. ಯಾರಿಗೆ ಮುಂದಿನ ಹಂತಕ್ಕೆ ಕರೆ ಬಂತು ಎಂಬುದನ್ನು ಎಣಿಸಿ ನೋಡಿದಾಗ, ಮೇಲ್ಜಾತಿ ಹೆಸರಿನ ಅಭ್ಯರ್ಥಿಗೆ ಹೋಲಿಸಿದರೆ ದಲಿತ ಹೆಸರಿನ ಅಭ್ಯರ್ಥಿಯ ಆಡ್ಸ್ (ಕರೆ ಬಂದ ಮತ್ತು ಬಾರದ ಅರ್ಜಿಗಳ ಅನುಪಾತ) 0.67 ಪಟ್ಟು, ಮುಸ್ಲಿಂ ಹೆಸರಿನ ಅಭ್ಯರ್ಥಿಯ ಆಡ್ಸ್ 0.33 ಪಟ್ಟು ಇತ್ತು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು, ಏಕೆಂದರೆ ಪರೀಕ್ಷೆಯಲ್ಲಿ ಬಹಳಷ್ಟು ಮಂದಿ ಎಡವುವುದು ಇಲ್ಲಿಯೇ. ಕರೆ ಬಂದ ಅರ್ಜಿಗಳ ಸಂಖ್ಯೆಯನ್ನು ಕರೆ ಬಾರದ ಅರ್ಜಿಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಆಡ್ಸ್. ಒಟ್ಟು ಅರ್ಜಿಗಳಿಂದ ಭಾಗಿಸಿದರೆ ಬರುವುದು ಸಂಭವನೀಯತೆ. ಲೆಕ್ಕದ ಅನುಕೂಲಕ್ಕಾಗಿ ಮೇಲ್ಜಾತಿ ಹೆಸರಿನ 100 ಅರ್ಜಿಗಳಲ್ಲಿ 20ಕ್ಕೆ ಕರೆ ಬಂತೆಂದು ಇಟ್ಟುಕೊಳ್ಳೋಣ. ಆಗ ಆಡ್ಸ್ 20 ಭಾಗಿಸು 80, ಅಂದರೆ 0.25. ಅದರ 0.67 ಪಟ್ಟು ಎಂದರೆ ಸುಮಾರು 0.17, ಇದನ್ನು ಮತ್ತೆ ಸಂಭವನೀಯತೆಗೆ ತಂದರೆ ನೂರಕ್ಕೆ ಸುಮಾರು 14 ಕರೆಗಳು. 0.33 ಪಟ್ಟಿನ ಲೆಕ್ಕದಲ್ಲಿ ನೂರಕ್ಕೆ ಎಂಟರ ಆಸುಪಾಸು. ಓದು, ಅಂಕ, ಅನುಭವ ಎಲ್ಲವೂ ಒಂದೇ ಆಗಿರುವಾಗ 20, 14, 8 ಎಂಬ ಅಂತರ ಉಂಟಾಗುವುದೆಂದರೆ, ‘ನಮ್ಮ ಹುಡುಗರಿಗೆ ಕೌಶಲ ಸಾಲದು’ ಎಂಬ ವಿವರಣೆ ಆ ಹಂತದಲ್ಲಿ ನಿಲ್ಲುವುದಿಲ್ಲ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆಯಲ್ಲಿ ಸುಮಾರು ಶೇ 30ರಷ್ಟು ಪರಿಶಿಷ್ಟ ಜಾತಿಯವರಿರುವ ಕೋಲಾರ ಜಿಲ್ಲೆಗೆ ಇದು ಎಷ್ಟು ಗಂಭೀರವಾದ ಮಾತೆಂಬುದನ್ನು ವಿವರಿಸಬೇಕಾಗಿಲ್ಲ.

ಇದರ ಜೊತೆಗೆ ಓದಬೇಕಾದದ್ದು 2007ರಲ್ಲಿಯೇ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಪ್ರಕಟಿಸಿದ ಅಧ್ಯಯನ. ದೊಡ್ಡ ಕಂಪನಿಗಳ ಎಚ್‌ಆರ್ ಅಧಿಕಾರಿಗಳನ್ನು ಅವರು ಮಾತನಾಡಿಸಿದಾಗ, ಪ್ರತಿಭೆಯೊಂದನ್ನೇ ನೋಡುತ್ತೇವೆ ಎಂದವರೇ ಅಭ್ಯರ್ಥಿಯ ಕುಟುಂಬದ ಹಿನ್ನೆಲೆಯೂ ಮುಖ್ಯವೆಂದು ಹೇಳಿದರು. ತಂದೆ ಏನು ಮಾಡುತ್ತಾರೆ, ಅಣ್ಣ ತಂಗಿಯರು ಎಷ್ಟು ಓದಿದ್ದಾರೆ ಎಂಬ ಪ್ರಶ್ನೆ ಕೇಳುವವರಿಗೆ ಸಹಜವಾಗಿ ಕಾಣುತ್ತದೆ. ಆದರೆ ಮುಳಬಾಗಿಲು ತಾಲ್ಲೂಕಿನ ಕೂಲಿಕಾರ ಕುಟುಂಬದಿಂದ ಬಂದು, ಮನೆಯಲ್ಲಿ ಮೊದಲ ಪದವೀಧರಳಾದ ಹೆಣ್ಣುಮಗಳ ಮುಂದೆ ಅದೇ ಪ್ರಶ್ನೆ ಇಟ್ಟಾಗ, ಅವಳು ಸಂಪಾದಿಸಿದ ಪದವಿಗಿಂತ ಅವಳ ಮನೆಯವರಿಗೆ ದೊರೆಯದೆ ಹೋದ ಓದಿಗೇ ಹೆಚ್ಚಿನ ತೂಕ ಬಂದುಬಿಡುತ್ತದೆ.

ನರಸಾಪುರಕ್ಕೆ ಈ ವಿಧಾನ ಒಗ್ಗುವುದೇ?

ನೇರವಾಗಿ ಒಗ್ಗುವುದಿಲ್ಲ. ಥೋರಾಟ್ ಮತ್ತು ಅಟ್‌ವೆಲ್ ಅಳೆದದ್ದು ಪತ್ರಿಕೆಯಲ್ಲಿ ಜಾಹೀರಾತಾಗುವ, ಪದವೀಧರರು ಲಿಖಿತ ಅರ್ಜಿ ಹಾಕುವ ಹುದ್ದೆಗಳನ್ನು. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಕೆಳಹಂತದ ಕೆಲಸಗಳ ಸುದ್ದಿ ಹರಡುವುದು ಗುತ್ತಿಗೆದಾರರ ಮೇಸ್ತ್ರಿಗಳಿಂದ, ವಾಟ್ಸ್‌ಆ್ಯಪ್ ಗುಂಪುಗಳಿಂದ, ಐಟಿಐಗಳಲ್ಲಿ ನಡೆಯುವ ನೇಮಕಾತಿ ಮೇಳಗಳಿಂದ, ಮೊದಲೇ ಒಳಗಿರುವ ಪರಿಚಿತರಿಂದ. ಪರಿಚಯದ ಮೂಲಕ ಕೆಲಸ ಹುಡುಕುವುದು ನಮ್ಮ ಊರಿನ ದೋಷವೇನೂ ಅಲ್ಲ; ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದಲ್ಲಿ ಅಲ್ಲಿನ ವೃತ್ತಿಪರರ ಬಗ್ಗೆಯೂ ಇದನ್ನೇ ಕಂಡರು. ಅತ್ಯಂತ ಆಪ್ತರಿಗಿಂತ ದೂರದ ಪರಿಚಿತರಿಂದಲೇ ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರುತ್ತದೆ ಎಂಬುದು ಅವರ ಮುಖ್ಯ ವಾದ. ನೆಂಟರೆಲ್ಲರೂ ಹೊಲದಲ್ಲೋ ಇಟ್ಟಿಗೆ ಗೂಡಿನಲ್ಲೋ ದುಡಿಯುವವರಾದರೆ ಅಂಥ ದೂರದ ಪರಿಚಯವಾದರೂ ಎಲ್ಲಿಂದ ಬರಬೇಕು? ವಿಶ್ವವಿದ್ಯಾಲಯದ ವಿಸ್ತರಣಾ ಕಾರ್ಯಕ್ಕೆ ನಿಜವಾದ ಜಾಗ ಇರುವುದು ಇಲ್ಲಿಯೇ. ಹುದ್ದೆಯ ವಿವರ, ಸಂಬಳ, ಪಾಳಿಯ ಸಮಯ, ನೇಮಕ ಮಾಡುವವರು ಕಂಪನಿಯೋ ಗುತ್ತಿಗೆದಾರನೋ ಎಂಬ ಮಾಹಿತಿಯನ್ನು ಕನ್ನಡದಲ್ಲಿ ಬರೆದು, ಅಗತ್ಯವಿದ್ದ ಕಡೆ ತೆಲುಗಿನಲ್ಲಿ ವಿವರಿಸಿ, ಪಂಚಾಯಿತಿ ಗ್ರಂಥಾಲಯಗಳವರೆಗೆ ತಲುಪಿಸಿದರೆ ವಶೀಲಿಯ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಶಿಶಿಕ್ಷು (ಅಪ್ರೆಂಟಿಸ್) ತರಬೇತಿಯ ವಿಷಯವನ್ನೂ ಇದೇ ಎಚ್ಚರದಿಂದ ನೋಡಬೇಕು. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯಿಂದ ತಾಂತ್ರಿಕೇತರ ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮಗಳಂತೆ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಶೇ 2.5ರಿಂದ ಶೇ 15ರವರೆಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ಬಿ.ಎ., ಬಿ.ಕಾಂ. ಮುಗಿಸಿದವರಿಗೆ ಇದು ಒಳ್ಳೆಯ ದಾರಿಯೇ ಸರಿ. ಆದರೆ ಕಾಯ್ದೆಯ ಪ್ರಕಾರ ಶಿಶಿಕ್ಷುವು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ, ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಸಾಮಾನ್ಯ ಕಟ್ಟುಪಾಡೂ ಇಲ್ಲ. ಎಷ್ಟು ಮಂದಿ ಸೇರಿದರು ಎಂಬ ಸಂಖ್ಯೆಗಿಂತ ಎಷ್ಟು ಮಂದಿ ಉಳಿದರು ಎಂಬುದನ್ನು ತಾಲ್ಲೂಕುವಾರು, ಜಾತಿವಾರು, ಲಿಂಗವಾರು ಕೇಳಿದ ಪ್ರಬಂಧವೊಂದನ್ನು ನಮ್ಮಲ್ಲಿ ಯಾರಾದರೂ ಬರೆದರೆ ಅದು ಬಹುಕಾಲ ಉಪಯೋಗಕ್ಕೆ ಬರುತ್ತದೆ.

ದೂರವೂ ಒಂದು ಜರಡಿ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಕುಟುಂಬಗಳು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲನ್ನೇ ನಂಬಿ ಬದುಕು ಕಟ್ಟಿಕೊಂಡವು. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ರೈಲು ನಿಲ್ದಾಣದಿಂದ ದೂರವಿರುವ ಒಳಹಳ್ಳಿಗೆ ಆ ಅನುಕೂಲವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯು ಮಹಿಳೆಯರ ಬಸ್ ಖರ್ಚನ್ನು ಇಳಿಸಿದೆ, ಇದು ದೊಡ್ಡ ಸಹಾಯ; ಆದರೂ ಬೆಳಗಿನ ಆರು ಗಂಟೆಯ ಪಾಳಿಗೆ ಹೋಗಬೇಕಾದವಳಿಗೆ ಊರಿನ ಮೊದಲ ಬಸ್ಸೇ ಏಳಕ್ಕೆ ಹೊರಟರೆ ಉಚಿತ ಟಿಕೆಟ್ಟಿನಿಂದ ಪ್ರಯೋಜನವಾಗದು. ಕಂಪನಿಯ ಬಸ್ಸು ಹೆದ್ದಾರಿಯ ಯಾವ ಯಾವ ಗೇಟಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಊರಿಗೆ ಕತ್ತಲಲ್ಲಿ ಎಷ್ಟು ದೂರ ನಡೆಯಬೇಕು ಎಂಬುದನ್ನು ನಕ್ಷೆಯಲ್ಲಿ ಗುರುತಿಸುವುದು ಸಣ್ಣ ಕೆಲಸದಂತೆ ಕಂಡರೂ, ಸಾರಿಗೆ ಸಂಸ್ಥೆಯ ಮುಂದೆ ಇಡಬಹುದಾದ ಪುರಾವೆ ಅದರಿಂದಲೇ ಸಿದ್ಧವಾಗುತ್ತದೆ.

ಕೊನೆಯದಾಗಿ ಮಾದರಿಯ ಆಯ್ಕೆಯ ವಿಚಾರ. ಕಾಲೇಜಿನ ಪ್ಲೇಸ್‌ಮೆಂಟ್ ಘಟಕದ ಪಟ್ಟಿಯನ್ನು ಹಿಡಿದು ಸಮೀಕ್ಷೆ ಮಾಡಿದರೆ ಕೆಲಸ ಸಿಕ್ಕವರು ಮಾತ್ರ ನಮ್ಮ ಕೈಗೆ ಸಿಗುತ್ತಾರೆ. ಅರ್ಜಿಯನ್ನೇ ಹಾಕದವರು, ಕರೆ ಬಂದರೂ ಹೋಗಲಾಗದವರು, ಸೇರಿ ಮೂರೇ ತಿಂಗಳಿಗೆ ಬಿಟ್ಟವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಒಂದು ತರಗತಿಯ ಪೂರ್ಣ ಹಾಜರಿ ಪುಸ್ತಕದಿಂದ ಹೆಸರುಗಳನ್ನು ಆರಿಸಿಕೊಂಡು, ಪ್ರತಿಯೊಬ್ಬರನ್ನೂ ಪದವಿಯ ನಂತರ ಆರು ತಿಂಗಳಿಗೊಮ್ಮೆ ಎರಡು ವರ್ಷಗಳವರೆಗೆ ವಿಚಾರಿಸುವ ಕ್ರಮ ಹೆಚ್ಚು ಸರಿಯಾದುದು. ಫೋನ್ ನಂಬರ್ ಬದಲಾಗುವವರೇ ಹೆಚ್ಚಾದ್ದರಿಂದ ಮನೆಯವರ ಅಥವಾ ಹತ್ತಿರದ ಗೆಳತಿಯ ನಂಬರನ್ನೂ ಒಪ್ಪಿಗೆ ಪಡೆದು ಬರೆದುಕೊಳ್ಳಬೇಕು, ಉತ್ತರಿಸಿದವರ ಗುರುತು ಕಂಪನಿಗಾಗಲಿ ಗುತ್ತಿಗೆದಾರನಿಗಾಗಲಿ ತಿಳಿಯದಂತೆ ಕಾಪಾಡಬೇಕು, ಮತ್ತು ಕೆಲಸ ಬಿಟ್ಟವರನ್ನು ‘ಏಕೆ ಬಿಟ್ಟಿರಿ’ ಎಂದು ಕೇಳುವ ಮೊದಲು ‘ಅಲ್ಲಿನ ಒಂದು ದಿನ ಹೇಗಿತ್ತು’ ಎಂದು ಕೇಳಬೇಕು.