ಪ್ಯಾಪ್ ಸ್ಮಿಯರ್‌ನಲ್ಲಿ ‘ಎಲ್‌ಎಸ್‌ಐಎಲ್’ ಬಂದಿದೆ, ಗರ್ಭಕೋಶ ತೆಗೆಸಬೇಕೇ?

ಪ್ರಶ್ನೆ: ನನಗೆ 38 ವರ್ಷ, ಇಬ್ಬರು ಮಕ್ಕಳು. ಪ್ಯಾಪ್ ಸ್ಮಿಯರ್ ರಿಪೋರ್ಟ್‌ನಲ್ಲಿ ‘ಎಲ್‌ಎಸ್‌ಐಎಲ್’ ಎಂದು ಬರೆದಿದೆ. ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಟ್ಟರೆ ನಿಶ್ಚಿಂತೆ ಅಂತಾರೆ ಮನೆಯವರು. ಇದು ಕ್ಯಾನ್ಸರಾ? ಮುಂದೇನು ಮಾಡಬೇಕು?

ಉತ್ತರ: ಕ್ಯಾನ್ಸರ್ ಎಂದು ಈ ರಿಪೋರ್ಟ್ ಹೇಳುತ್ತಿಲ್ಲ. ಬರೀ ಇದನ್ನು ನಂಬಿ ಯಾವ ಆಪರೇಷನ್‌ಗೂ ಒಪ್ಪಬೇಡಿ. ಗರ್ಭಕೋಶದ ಕೊರಳಿನ ಜೀವಕೋಶಗಳನ್ನು ನೋಡುವ ಪ್ಯಾಪ್ ಸ್ಮಿಯರ್ ಒಂದು ಜರಡಿ ಅಷ್ಟೇ. ಯಾರನ್ನು ಇನ್ನೂ ಹತ್ತಿರದಿಂದ ನೋಡಬೇಕು ಎಂಬುದನ್ನು ಅದು ಆರಿಸಿಕೊಡುತ್ತದೆ. ರೋಗ ಇದೆಯೋ ಇಲ್ಲವೋ ಎಂದು ಹೇಳುವುದು ಬಯಾಪ್ಸಿ, ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆ.

ಎಚ್‌ಪಿವಿ ವೈರಸ್ ಸೋಂಕಿನಿಂದ ಗರ್ಭಕೋಶದ ಕೊರಳಿನ ಜೀವಕೋಶಗಳಲ್ಲಿ ಆಗುವ ಸಣ್ಣ ಬದಲಾವಣೆಗೆ ಎಲ್‌ಎಸ್‌ಐಎಲ್ ಎನ್ನುತ್ತಾರೆ. ಹೆಚ್ಚಿನವರಲ್ಲಿ ಈ ಸೋಂಕು ಸುಮಾರು 2 ವರ್ಷದೊಳಗೆ ತಾನಾಗಿ ಹೋಗುತ್ತದೆ. ‘ಎಎಸ್‌ಸಿ-ಯುಎಸ್’ ಎಂದು ಬಂದಿದ್ದರೆ ಅದು ಇನ್ನೂ ಅಸ್ಪಷ್ಟ. ಆಗ ಎಚ್‌ಪಿವಿ ಪರೀಕ್ಷೆ ಮಾಡಿಸಿ ಮುಂದಿನ ದಾರಿ ನಿರ್ಧರಿಸುತ್ತಾರೆ. ‘ಎಚ್‌ಎಸ್‌ಐಎಲ್’, ‘ಎಎಸ್‌ಸಿ-ಎಚ್’, ‘ಎಜಿಸಿ’ ಎಂದಿದ್ದರೆ ಮಾತ್ರ ತಡ ಮಾಡುವಂತಿಲ್ಲ, ಇವು ಹೆಚ್ಚು ಗಂಭೀರ ಬದಲಾವಣೆಯನ್ನೋ ಅದರ ಅನುಮಾನವನ್ನೋ ಹೇಳುತ್ತವೆ. ಅಂದಹಾಗೆ, ‘ಇನ್‌ಫ್ಲಮೇಟರಿ ಸ್ಮಿಯರ್’ ಎಂಬುದನ್ನು ಓದಿ ಹೆದರಿಕೊಳ್ಳುವವರು ಬಹಳ. ಅದು ಉರಿಯೂತದ ಸೂಚನೆ, ಕ್ಯಾನ್ಸರಿನ ಹಿಂದಿನ ಹಂತವಲ್ಲ.

ನಿಮಗೆ ಮುಂದಿನ ಹೆಜ್ಜೆ ಕಾಲ್ಪೊಸ್ಕೋಪಿ, ಅಂದರೆ ಗರ್ಭಕೋಶದ ಕೊರಳನ್ನು ಮಸೂರದಲ್ಲಿ ನೋಡುವ ಪರೀಕ್ಷೆ. ಮುಟ್ಟು ಇಲ್ಲದ ದಿನ ನೋಡಿ ಹೋಗಿ. ಅದಕ್ಕೆ ಎರಡು ದಿನ ಮೊದಲಿನಿಂದ ಲೈಂಗಿಕ ಸಂಪರ್ಕ, ಯೋನಿಯೊಳಗಿಡುವ ಮಾತ್ರೆ, ಒಳಗೆ ನೀರು ಹಾಕಿ ತೊಳೆಯುವುದು ಬೇಡ. ಪರೀಕ್ಷೆಗೆ ಅರಿವಳಿಕೆ ಬೇಕಿಲ್ಲ, 15-20 ನಿಮಿಷ ಸಾಕು. ಕೊರಳಿನ ಮೇಲೆ 3-5% ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡುತ್ತಾರೆ. ಬದಲಾದ ಜಾಗ ಬೆಳ್ಳಗಾಗುತ್ತದೆ. ಆಮೇಲೆ ಅಯೋಡಿನ್ ಹಚ್ಚಿದರೆ ಆರೋಗ್ಯವಾಗಿರುವ ಭಾಗ ಕಡುಕಂದಾಗುತ್ತದೆ, ಅನುಮಾನದ ಭಾಗ ಹಳದಿಯಾಗಿ ಉಳಿಯುತ್ತದೆ. ಅಲ್ಲಿಂದ ಕೆಲವೇ ಮಿಲಿಮೀಟರ್‌ನ ಚೂರುಗಳನ್ನು ಬಯಾಪ್ಸಿಗೆ ತೆಗೆಯುತ್ತಾರೆ. ಚಿವುಟಿದಷ್ಟು ನೋವು, ಒಂದೆರಡು ದಿನ ಸ್ವಲ್ಪ ರಕ್ತ ಕಾಣುವುದು ಸಹಜ.

ಇಲ್ಲೊಂದು ತೊಡಕಿದೆ. ಮುಟ್ಟು ನಿಂತವರಲ್ಲಿ, ಬದಲಾವಣೆ ಶುರುವಾಗುವ ಗಡಿಯ ಭಾಗ ಕೊರಳಿನ ಒಳಕ್ಕೆ ಸರಿದಿರುತ್ತದೆ. ಆಗ ಹೊರಗೆ ಏನೂ ಕಾಣದಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನುವಂತಿಲ್ಲ, ಒಳಗಿನಿಂದಲೂ ಕೆರೆದು ಮಾದರಿ ತೆಗೆಯಬೇಕಾಗುತ್ತದೆ. ಆದ್ದರಿಂದ ‘ಗಡಿ ಪೂರ್ತಿ ಕಂಡಿತಾ?’ ಎಂದು ವೈದ್ಯರನ್ನು ಕೇಳಿ. ಗರ್ಭಿಣಿಯರಿಗೂ ಕಾಲ್ಪೊಸ್ಕೋಪಿ ಮಾಡಬಹುದು, ಆದರೆ ಒಳಗೆ ಕೆರೆಯುವುದಿಲ್ಲ.

ಬಯಾಪ್ಸಿಯಲ್ಲಿ ‘ಸಿಐಎನ್ 1’ (ಕೊರಳಿನ ಜೀವಕೋಶಗಳ ಬದಲಾವಣೆಯ ಅತಿ ಸೌಮ್ಯ ಹಂತ) ಬಂದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ, ಒಂದು ವರ್ಷದ ನಂತರ ಮತ್ತೆ ಪರೀಕ್ಷೆ. ಹೆಚ್ಚು ತೀವ್ರವಾದ ‘ಸಿಐಎನ್ 2’ ಅಥವಾ ‘3’ ಆದರೆ ಆ ಭಾಗವನ್ನಷ್ಟೇ ಸುಡುತ್ತಾರೆ, ಇಲ್ಲವೇ ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುತ್ತಾರೆ. ಎರಡನೆಯದಕ್ಕೆ ‘ಲೀಪ್’ ಎಂದು ಹೆಸರು. ಸ್ಥಳೀಯ ಅರಿವಳಿಕೆ ಕೊಟ್ಟು ಮಾಡಿ, ಅದೇ ದಿನ ಮನೆಗೆ ಕಳಿಸುತ್ತಾರೆ. ತೆಗೆದ ತುಂಡು ಪ್ರಯೋಗಾಲಯಕ್ಕೆ ಹೋಗುವುದರಿಂದ ಅಂಚು ಶುದ್ಧವಾಗಿದೆಯೇ (ಬದಲಾದ ಜೀವಕೋಶ ಅಂಚಿನಲ್ಲಿ ಇಲ್ಲವೇ) ಎಂಬುದೂ ತಿಳಿಯುತ್ತದೆ. ಸುಟ್ಟರೆ ಈ ಅನುಕೂಲವಿಲ್ಲ. ಲೀಪ್ ಆದ ಮೇಲೆ ನಾಲ್ಕು ವಾರ ಸಂಪರ್ಕ ಬೇಡ. ಎರಡನೆಯ ವಾರದಲ್ಲಿ ಪಕ್ಕು ಕಳಚಿ ರಕ್ತ ಹೆಚ್ಚಾಗಬಹುದು. ಗಂಟೆಗೊಂದು ಪ್ಯಾಡ್ ತೋಯುವಷ್ಟಾದರೆ ಆಸ್ಪತ್ರೆಗೆ ಹೋಗಲೇಬೇಕು.

ಗರ್ಭಕೋಶದ ಮಾತಿಗೆ ಬರೋಣ. ಬಯಾಪ್ಸಿ ಮಾಡದೆ ಅದನ್ನು ತೆಗೆದು, ಆಮೇಲೆ ಒಳಗೆ ಕ್ಯಾನ್ಸರ್ ಇತ್ತೆಂದು ಗೊತ್ತಾದರೆ ಫಜೀತಿ. ಕ್ಯಾನ್ಸರಿಗೆ ಮಾಡುವ ಆಪರೇಷನ್ನೇ ಬೇರೆ, ಅದು ಹೆಚ್ಚು ವಿಸ್ತಾರವಾದದ್ದು. ಅರ್ಧ ಮಾಡಿದ ಕೆಲಸವನ್ನು ಸರಿಪಡಿಸಲು ಮತ್ತೊಂದು ಆಪರೇಷನ್ನೋ ರೇಡಿಯೇಷನ್ನೋ ಬೇಕಾಗುತ್ತದೆ. ಕ್ಯಾನ್ಸರ್ ಇರಲಿಲ್ಲ ಎಂದರೂ ನಿಶ್ಚಿಂತೆಯಿಲ್ಲ: ಸಿಐಎನ್ 2 ಅಥವಾ 3 ಇದ್ದವರಲ್ಲಿ ಗರ್ಭಕೋಶ ಹೋದ ಮೇಲೂ ಯೋನಿಯ ಒಳತುದಿಯಲ್ಲಿ ಅದೇ ಬದಲಾವಣೆ ಮರುಕಳಿಸಬಹುದು, ಪರೀಕ್ಷೆ ತಪ್ಪಿದ್ದಲ್ಲ.

ಹೆಚ್ಚಿನವರು ಎಡವುವುದು ಚಿಕಿತ್ಸೆಯ ನಂತರ. ಲೀಪ್ ಆಯಿತು, ಮುಗಿಯಿತು ಎಂದುಕೊಳ್ಳುತ್ತಾರೆ. 6 ತಿಂಗಳಿಗೆ ಎಚ್‌ಪಿವಿ ಪರೀಕ್ಷೆ, ಆಮೇಲೆ ಸತತ ಮೂರು ವರ್ಷ ವರ್ಷಕ್ಕೊಮ್ಮೆ, ಅದರ ನಂತರ ಮೂರು ವರ್ಷಕ್ಕೊಮ್ಮೆ, ಕಡೇಪಕ್ಷ 25 ವರ್ಷ: ಇದು ಅಮೆರಿಕದ ಮಾರ್ಗಸೂಚಿಯ ಲೆಕ್ಕ. ನಿಮ್ಮ ವೈದ್ಯರು ಕೊಡುವ ಅಂತರ ಸ್ವಲ್ಪ ಬೇರೆ ಇರಬಹುದು. ಎಚ್‌ಪಿವಿ ಲಸಿಕೆ ಈಗಾಗಲೇ ಇರುವ ಸೋಂಕನ್ನು ಗುಣಪಡಿಸದು, ಹಾಗಾಗಿ ಅದು ಈ ತಪಾಸಣೆಗೆ ಬದಲಿಯಲ್ಲ. ಆಸ್ಪತ್ರೆ ಬದಲಿಸುವುದಾದರೆ ಬಯಾಪ್ಸಿಯ ಸ್ಲೈಡ್ ಮತ್ತು ತೆಗೆದ ಚೂರನ್ನು ಕಾಪಾಡಿಟ್ಟಿರುವ ಮೇಣದ ಬ್ಲಾಕ್ ಕೇಳಿ ಪಡೆದುಕೊಳ್ಳಿ, ಬರೀ ರಿಪೋರ್ಟ್ ಸಾಲದು.

ಸಂಪರ್ಕದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಕೆಟ್ಟ ವಾಸನೆಯ ಬಿಳಿಸೆರಗು ಇದ್ದರೆ ಮುಂದಿನ ತಾರೀಖಿಗೆ ಕಾಯಬೇಡಿ. ಸ್ಮಿಯರ್ ನಾರ್ಮಲ್ ಇದ್ದರೂ ಸರಿ, ಆ ವಾರವೇ ತೋರಿಸಿಕೊಳ್ಳಿ.