ಲಿವರ್ ಗಡ್ಡೆಗೆ ಯಿಟ್ರಿಯಂ-90: 90 ಗ್ರೇ ಅಂದರೆ ಯಾರ ಪಾಲಿಗೆ ಎಷ್ಟು?

ಮುಂಬೈಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಓದುತ್ತಿರುವ ನಾವು ನಾಲ್ಕು ಜನ ಕನ್ನಡದವರು ಭಾನುವಾರ ಮಾಟುಂಗದ ರೂಮಿನಲ್ಲಿ ಸೇರುತ್ತೇವೆ. ಕಳೆದ ವಾರ, ಲಿವರ್‌ನ ಕ್ಯಾನ್ಸರ್ ಗಡ್ಡೆಗೆ ರಕ್ತನಾಳದ ಮೂಲಕ ವಿಕಿರಣ ಸೂಸುವ ಯಿಟ್ರಿಯಂ-90 ಮಣಿ ಬಿಡುವ ಚಿಕಿತ್ಸೆಯ ಡೋಸ್ ಲೆಕ್ಕ ತೆಗೆದುಕೊಂಡೆವು. ನಾಲ್ವರೂ ಒಂದೇ ಕಡೆ ಎಡವಿದೆವು. ಅದಕ್ಕೇ ಈ ಟಿಪ್ಪಣಿ.

ಆರೋಗ್ಯವಾಗಿರುವ ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಬರುವುದು ಪೋರ್ಟಲ್ ವೇನ್‌ನಿಂದ, ಅಂದರೆ ಕರುಳಿನ ಕಡೆಯಿಂದ ಬರುವ ರಕ್ತನಾಳದಿಂದ. ಗಡ್ಡೆ ಬದುಕುವುದು ಹೆಚ್ಚಾಗಿ ಹೆಪಾಟಿಕ್ ಆರ್ಟರಿಯ (ಲಿವರ್‌ನ ಅಪಧಮನಿಯ) ರಕ್ತದ ಮೇಲೆ. ಹಾಗಾಗಿ ಆರ್ಟರಿಯೊಳಗೆ ಕ್ಯಾಥೆಟರ್ (ತೆಳು ಕೊಳವೆ) ಇಟ್ಟು 20–30 ಮೈಕ್ರಾನ್ ಗಾತ್ರದ ಗಾಜಿನ ಮಣಿಗಳನ್ನು ಬಿಟ್ಟರೆ ಗಡ್ಡೆಯ ಸಣ್ಣ ರಕ್ತನಾಳಗಳಲ್ಲೇ ಜಾಸ್ತಿ ಸಿಕ್ಕಿಕೊಳ್ಳುತ್ತವೆ. ಮಣಿಯಲ್ಲಿರುವ ಯಿಟ್ರಿಯಂ-90 ಬೀಟಾ ಕಣ ಬಿಡುತ್ತದೆ. ಅದು ಸರಾಸರಿ 2.5 ಮಿಲಿಮೀಟರ್, ಹೆಚ್ಚೆಂದರೆ 11 ಮಿಲಿಮೀಟರ್ ಹೋಗುತ್ತದೆ. ಅರ್ಧಾಯುಷ್ಯ ಸುಮಾರು 64 ಗಂಟೆ. ನೆನಪಿಟ್ಟುಕೊಳ್ಳಲು ಸುಲಭ: ಶುಕ್ರವಾರ ಸಂಜೆ 5ಕ್ಕೆ ಇದ್ದದ್ದು ಸೋಮವಾರ ಬೆಳಿಗ್ಗೆ 9ಕ್ಕೆ ಅರ್ಧ. ಇಂಥ ಗಾಜಿನ ಮಣಿಯನ್ನು ನಮ್ಮ ಟ್ರಾಂಬೆಯ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಕೂಡ ತಯಾರಿಸಿದೆ, ಹೆಸರು ಭಾಭಾಸ್ಫಿಯರ್.

ಒಳಗೆ ಹೋದ ಮಣಿಯನ್ನು ವಾಪಸ್ ತೆಗೆಯಲು ಆಗಲ್ಲ. ಆದ್ದರಿಂದ ಮೊದಲು ಒಂದು ರಿಹರ್ಸಲ್. ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತು ಅಂಟಿಸಿದ ಎಂಎಎ ಎಂಬ ಆಲ್ಬುಮಿನ್ (ಪ್ರೋಟೀನ್) ಕಣಗಳನ್ನು ಅದೇ ಜಾಗದಿಂದ ಬಿಟ್ಟು ಸ್ಪೆಕ್ಟ್-ಸಿಟಿ ತೆಗೆಯುತ್ತಾರೆ; ಸ್ಪೆಕ್ಟ್ ಕಣ ಎಲ್ಲಿ ಸೇರಿತು ಅಂತ ತೋರಿಸುತ್ತದೆ, ಸಿಟಿ ಅಂಗದ ಆಕಾರ ತೋರಿಸುತ್ತದೆ. ಹೊಟ್ಟೆ, ಕರುಳಿನ ಕಡೆ ಸೋರಿಕೆ ಇದೆಯಾ? ಶ್ವಾಸಕೋಶಕ್ಕೆ ಎಷ್ಟು ಹೋಯಿತು? ಗಡ್ಡೆ ಎಷ್ಟು ಹಿಡಿಯಿತು? ಮೂರಕ್ಕೂ ಉತ್ತರ ಈ ಚಿತ್ರದಲ್ಲಿದೆ.

ಈಗ ಲೆಕ್ಕ. ಗಿಗಾಬೆಕರೆಲ್ ಅಂದರೆ ಎಷ್ಟು ವಿಕಿರಣ ವಸ್ತು ಕೊಟ್ಟೆವು ಅನ್ನುವ ಅಳತೆ, ಗ್ರೇ ಅಂದರೆ ಅಂಗಾಂಶ ಕಿಲೋಗೆ ಎಷ್ಟು ವಿಕಿರಣ ಶಕ್ತಿ ಹೀರಿತು ಅನ್ನುವ ಅಳತೆ. ಸೂತ್ರ ಚಿಕ್ಕದು: ಡೋಸ್ (ಗ್ರೇ) = 50 × ಗಿಗಾಬೆಕರೆಲ್ ÷ ಕಿಲೋ. ನಾವೇ ಮಾಡಿಕೊಂಡ ಉದಾಹರಣೆ ನೋಡಿ. ಗಡ್ಡೆ 0.2 ಕಿಲೋ, ಸುತ್ತಲ ಒಳ್ಳೆಯ ಲಿವರ್ 0.8 ಕಿಲೋ, ಕೊಡುವುದು 2 ಗಿಗಾಬೆಕರೆಲ್, ಶ್ವಾಸಕೋಶಕ್ಕೆ ಹೋಗುವುದು ಶೇ. 10. ಲಿವರ್‌ನಲ್ಲಿ ಉಳಿದದ್ದು 1.8 ಗಿಗಾಬೆಕರೆಲ್. ಒಟ್ಟು 1 ಕಿಲೋಗೆ ಹಂಚಿದರೆ 90 ಗ್ರೇ. ಮುಗಿಯಿತು ಅಂತ ಪೆನ್ನು ಕೆಳಗಿಟ್ಟೆವು.

ಮುಗಿದಿರಲಿಲ್ಲ. ಪಂಕ್ತಿಯಲ್ಲಿ ತಲಾ ಎರಡು ಹೋಳಿಗೆ ಅಂತ ಲೆಕ್ಕ ಇರಬಹುದು, ಬಡಿಸುವವರ ಕೈ ಯಾರ ಎಲೆ ಕಡೆ ಜಾಸ್ತಿ ಓಡಿತು ಅನ್ನುವುದು ಬೇರೆ ಮಾತು, ಅಲ್ವಾ? ಚಿತ್ರದಲ್ಲಿ ಗಡ್ಡೆ ಕಿಲೋಗೆ ಒಳ್ಳೆಯ ಲಿವರ್‌ನ ನಾಲ್ಕು ಪಟ್ಟು ಹಿಡಿದಿದೆ ಅಂದುಕೊಳ್ಳಿ. ಆಗ ಗಡ್ಡೆಯ ಪಾಲು 0.2 × 4 = 0.8, ಒಳ್ಳೆಯ ಲಿವರ್‌ದೂ 0.8. 1.8ರಲ್ಲಿ ಇಬ್ಬರಿಗೂ 0.9. ಗಡ್ಡೆಗೆ 225 ಗ್ರೇ, ಲಿವರ್‌ಗೆ 56. ನಾಲ್ಕರ ಬದಲು ಎರಡೇ ಪಟ್ಟು ಹಿಡಿದಿದ್ದರೆ ಗಡ್ಡೆಗೆ 150, ಲಿವರ್‌ಗೆ 75. ಎರಡು ಕೇಸ್‌ನಲ್ಲೂ ಸರಾಸರಿ ಅದೇ 90! ಹೀಗೆ ಪಾಲು ಬೇರೆ ಮಾಡಿ ಲೆಕ್ಕ ಹಾಕುವುದಕ್ಕೆ ಪಾರ್ಟಿಷನ್ ಮಾಡೆಲ್ ಅನ್ನುತ್ತಾರೆ.

ಇದು ಸುಮ್ನೆ ಕಾಗದದ ಲೆಕ್ಕವಲ್ಲ. 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಡೋಸಿಸ್ಫಿಯರ್-01 ಅಧ್ಯಯನ ಚಿಕ್ಕದೇ, 60 ರೋಗಿಗಳು, ದೊಡ್ಡ ಗಡ್ಡೆಗಳು. ಒಂದು ಗುಂಪಿಗೆ ಹಳೆಯ ರೀತಿಯಲ್ಲಿ ಇಡೀ ಭಾಗಕ್ಕೆ 120 ಗ್ರೇ ಆಸುಪಾಸು. ಇನ್ನೊಂದಕ್ಕೆ ಗಡ್ಡೆಗೇ ಕನಿಷ್ಠ 205 ಗ್ರೇ ಗುರಿ. ಬದುಕುಳಿದ ಮಧ್ಯಾಂಕ ಅವಧಿ ಮೊದಲ ಗುಂಪಿನಲ್ಲಿ 10.7 ತಿಂಗಳು, ಎರಡನೆಯದರಲ್ಲಿ 26.6.

ನನ್ನ ತಪ್ಪು ಆದದ್ದು ಚಿತ್ರದಲ್ಲಿ ಗಡ್ಡೆಯ ಸುತ್ತ ಗೆರೆ ಎಳೆಯುವಾಗ; ಗಡ್ಡೆಯ ತೂಕ ಸಿಗುವುದು ಆ ಗೆರೆಯಿಂದ. ಅಭ್ಯಾಸಕ್ಕೆ ಕೊಟ್ಟಿದ್ದ ಚಿತ್ರದಲ್ಲಿ ಗಡ್ಡೆಯ ನಡುವೆ ಕಪ್ಪಗೆ ಒಂದು ಭಾಗ ಇತ್ತು. ಸತ್ತ ಅಂಗಾಂಶ, ಅಲ್ಲಿ ರಕ್ತವೇ ಹರಿಯಲ್ಲ. ನಾನು ಹೊರಗಿನ ಅಂಚು ಹಿಡಿದು ಒಂದು ಸುತ್ತು ಎಳೆದುಬಿಟ್ಟೆ. ಮೇಲಿನ ಲೆಕ್ಕಕ್ಕೇ ಹಾಕಿ ನೋಡಿ: ಗಡ್ಡೆಯ 0.2 ಕಿಲೋದಲ್ಲಿ 0.05 ಸತ್ತದ್ದಾದರೆ, ಅದೇ 0.9 ಗಿಗಾಬೆಕರೆಲ್ 0.15 ಕಿಲೋಗೆ ಬೀಳುತ್ತದೆ. 225 ಹೋಗಿ 300 ಆಯಿತು. ಮೌಸ್ ಸ್ವಲ್ಪ ಒಳಗೆ ಸರಿದದ್ದಕ್ಕೆ 75 ಗ್ರೇ! ಸತ್ತ ಭಾಗ ಸೇರಿಸಿದಿರೋ ಬಿಟ್ಟಿರೋ ಅನ್ನುವುದನ್ನು ವರದಿಯಲ್ಲಿ ಬರೆಯದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ ಅಂತ ನನಗನಿಸುತ್ತದೆ.

ಉಸಿರಾಟವೂ ಹೀಗೇ ಆಟ ಆಡಿಸುತ್ತದೆ. ಸಿಟಿ ಕೆಲವೇ ಸೆಕೆಂಡಿನ ಕೆಲಸ, ಸ್ಪೆಕ್ಟ್‌ಗೆ ಹಲವು ನಿಮಿಷ ಬೇಕು. ಅಷ್ಟರಲ್ಲಿ ಲಿವರ್‌ನ ನೆತ್ತಿ ಮೇಲೆ ಕೆಳಗೆ ಹೋಗಿ, ಅದರ ಕೌಂಟ್ (ಕ್ಯಾಮೆರಾ ಎಣಿಸಿದ ವಿಕಿರಣ) ಬಲ ಶ್ವಾಸಕೋಶದ ಲೆಕ್ಕಕ್ಕೆ ಸೇರಿಬಿಡುತ್ತದೆ. ಶಂಟ್, ಅಂದರೆ ಲಿವರ್‌ನಿಂದ ಶ್ವಾಸಕೋಶಕ್ಕೆ ಸೋರಿಕೆ, ಇಲ್ಲದಿದ್ದರೂ ಇರುವ ಹಾಗೆ ಕಾಣುತ್ತದೆ. ಶ್ವಾಸಕೋಶಕ್ಕೆ ಒಂದು ಸಲಕ್ಕೆ 30 ಗ್ರೇ ಮಿತಿ ಇರುವುದರಿಂದ, ಈ ಸುಳ್ಳು ಶಂಟ್ ನಂಬಿ ಡೋಸ್ ಕಡಿಮೆ ಮಾಡಿದರೆ ನಷ್ಟ ರೋಗಿಗೆ.

ಎಂಎಎ ಕಣ ಮತ್ತು ಮಣಿ ಒಂದೇ ಅಲ್ಲ ಅನ್ನುವುದೂ ತಲೆಯಲ್ಲಿರಲಿ. ಚಿಕಿತ್ಸೆ ದಿನ ಕ್ಯಾಥೆಟರ್ ತುದಿ ಕೊಂಚ ಸರಿದರೂ ಹರಿವು ಬದಲಾಗುತ್ತದೆ. ಅದಕ್ಕೇ ಮಣಿ ಬಿಟ್ಟ ಮೇಲೂ ಪೆಟ್ (ಪಾಸಿಟ್ರಾನ್ ಎಂಬ ಕಣದ ಗುರುತು ಹಿಡಿಯುವ ಸ್ಕ್ಯಾನ್) ತೆಗೆದು ನೋಡುತ್ತಾರೆ. ಯಿಟ್ರಿಯಂ-90 ಹತ್ತು ಲಕ್ಷ ಸಲ ಕ್ಷಯಿಸಿದರೆ ಪಾಸಿಟ್ರಾನ್ ಹುಟ್ಟುವುದು ಸುಮಾರು 32 ಸಲ ಮಾತ್ರ, ಆದರೂ ಚಿತ್ರ ಬರುತ್ತದೆ.

ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ: ಮೊದಲ ಉದಾಹರಣೆಯಲ್ಲಿ ಶಂಟ್ ಶೇ. 20, ಶ್ವಾಸಕೋಶ 1 ಕಿಲೋ, ಉಳಿದದ್ದೆಲ್ಲ ಹಾಗೇ, ನಾಲ್ಕು ಪಟ್ಟು. ಗಡ್ಡೆಗೆ 200, ಲಿವರ್‌ಗೆ 50, ಶ್ವಾಸಕೋಶಕ್ಕೆ 20 ಬಂದರೆ ಸರಿ. ಈಗ ಗಡ್ಡೆಗೆ 205 ಮುಟ್ಟಿಸಲು ಎಷ್ಟು ಗಿಗಾಬೆಕರೆಲ್ ಬೇಕು?