ಚಾನ್ಸಲರ್: ರಾಜಮುದ್ರೆಯ ಕಾವಲಿನಿಂದ ಕುಲಾಧಿಪತಿಯವರೆಗೆ

ಜರ್ಮನಿಯಲ್ಲಿ ಚಾನ್ಸಲರ್ ಎಂದರೆ ಸರ್ಕಾರದ ಮುಖ್ಯಸ್ಥರು. ಬ್ರಿಟನ್ನಿನಲ್ಲಿ ಹಣಕಾಸು ಖಾತೆಯನ್ನು ನೋಡಿಕೊಳ್ಳುವ ಸಚಿವರಿಗೆ ಈ ಹೆಸರಿದೆ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಇದು ನ್ಯಾಯಾಧೀಶರೊಬ್ಬರ ಪದನಾಮ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಈ ಸ್ಥಾನವನ್ನು ಕುಲಾಧಿಪತಿ ಎಂದು ಕರೆಯುತ್ತೇವೆ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ಅದು ಸಾಮಾನ್ಯವಾಗಿ ರಾಜ್ಯಪಾಲರಿಗೆ ಸೇರಿದ್ದು. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ತೋರುವ ಈ ಹುದ್ದೆಗಳ ಮೂಲ ಒಂದೇ: ಆಜ್ಞೆಯೊಂದನ್ನು ಬರೆಸಿ, ಅದಕ್ಕೆ ಮುದ್ರೆಯೊತ್ತಿ, ಅದನ್ನು ಊರ್ಜಿತಗೊಳಿಸುವ ಅಧಿಕಾರ.

ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾನ್ಸೆಲ್ಲಿ’ ಎಂದರೆ ಜಾಲರಿ. ರೋಮನ್ ನ್ಯಾಯಾಲಯಗಳಲ್ಲಿ ನ್ಯಾಯಪೀಠವನ್ನೂ ಜನರನ್ನೂ ಬೇರ್ಪಡಿಸುತ್ತಿದ್ದ ಜಾಲರಿಯ ಬಳಿ ನಿಲ್ಲುತ್ತಿದ್ದ ಕೆಳದರ್ಜೆಯ ನೌಕರನೇ ‘ಕ್ಯಾನ್ಸೆಲ್ಲೇರಿಯಸ್’. ಆತ ಕ್ರಮೇಣ ಬರವಣಿಗೆಯ ಕೆಲಸಕ್ಕೆ ಬಂದ. ಮಧ್ಯಯುಗದ ಯೂರೋಪಿನಲ್ಲಿ ಓದುಬರಹ ಬಲ್ಲವರು ಹೆಚ್ಚಾಗಿ ಪಾದ್ರಿಗಳೇ ಆಗಿದ್ದುದರಿಂದ, ಅರಸರ ಪತ್ರವ್ಯವಹಾರವೂ ಅದರೊಂದಿಗೆ ರಾಜಮುದ್ರೆಯೂ ಅವರ ಕೈಗೆ ಹೋಯಿತು. ಇಂಗ್ಲೆಂಡಿನಲ್ಲಿ ಎರಡನೇ ಹೆನ್ರಿಯ ಚಾನ್ಸಲರ್ ಆಗಿದ್ದ ಥಾಮಸ್ ಬೆಕೆಟ್ 1162ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದದ್ದು ಆ ಕಾಲದ ಪದ್ಧತಿಗೆ ಹೊರತಾದ ಸಂಗತಿಯೇನಲ್ಲ.

ಮುದ್ರೆಗೆ ಎಷ್ಟು ಬೆಲೆಯಿತ್ತೆಂಬುದನ್ನು 1688ರ ಒಂದು ಘಟನೆ ಹೇಳುತ್ತದೆ. ಆ ವರ್ಷದ ಡಿಸೆಂಬರಿನಲ್ಲಿ ಸಿಂಹಾಸನ ಬಿಟ್ಟು ಪಲಾಯನ ಮಾಡುವಾಗ ಎರಡನೇ ಜೇಮ್ಸ್ ದೊರೆ ಮಹಾಮುದ್ರೆಯನ್ನು ಥೇಮ್ಸ್ ನದಿಗೆ ಎಸೆದ. ಮುದ್ರೆಯಿಲ್ಲದೆ ಸಂಸತ್ತನ್ನು ಕರೆಯುವ ಆಜ್ಞಾಪತ್ರಗಳನ್ನು ಹೊರಡಿಸಲು ಬಾರದು, ಆದ್ದರಿಂದ ತನ್ನ ಅನುಪಸ್ಥಿತಿಯಲ್ಲಿ ಆಡಳಿತವೇ ನಿಂತುಹೋಗುತ್ತದೆ ಎಂಬುದು ಅವನ ಲೆಕ್ಕಾಚಾರವಾಗಿತ್ತು. ಆ ಲೆಕ್ಕ ಫಲಿಸಲಿಲ್ಲ. ಆದರೂ ಅರಸನೊಬ್ಬ ಓಡಿಹೋಗುವ ಗಳಿಗೆಯಲ್ಲಿ ಮುದ್ರೆಯ ಬಗ್ಗೆ ಚಿಂತಿಸಿದನೆಂದರೆ, ಅದನ್ನು ಕಾಯುವ ಲಾರ್ಡ್ ಚಾನ್ಸಲರ್‌ನ ತೂಕ ಎಷ್ಟಿತ್ತೆಂದು ಊಹಿಸಬಹುದು.

ಕಾನೂನಿನ ಕ್ಷೇತ್ರಕ್ಕೆ ಚಾನ್ಸಲರ್ ಪ್ರವೇಶಿಸಿದ್ದೂ ಈ ದಾರಿಯಿಂದಲೇ, ಮತ್ತು ನನ್ನ ದೃಷ್ಟಿಯಲ್ಲಿ ಈ ಹುದ್ದೆಯ ಇತಿಹಾಸದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಇದೇ. ಇಂಗ್ಲೆಂಡಿನ ಸಾಮಾನ್ಯ ನ್ಯಾಯಾಲಯಗಳು ನಿಗದಿತ ನಮೂನೆಯ ದಾವೆಗಳನ್ನು ಮಾತ್ರ ಸ್ವೀಕರಿಸುತ್ತಿದ್ದವು ಮತ್ತು ಬಹುಮಟ್ಟಿಗೆ ಹಣದ ರೂಪದ ಪರಿಹಾರವನ್ನಷ್ಟೇ ಕೊಡುತ್ತಿದ್ದವು. ಅಲ್ಲಿ ನ್ಯಾಯ ಸಿಗದವರು ನೇರವಾಗಿ ಅರಸನಿಗೆ ಅರ್ಜಿ ಹಾಕುತ್ತಿದ್ದರು. ಅರಸ ಅವುಗಳನ್ನು ಚಾನ್ಸಲರ್‌ಗೆ ಒಪ್ಪಿಸುತ್ತಿದ್ದ. ಅರಸನ ಅಂತಃಸಾಕ್ಷಿಯ ಪಾಲಕನೆನಿಸಿಕೊಂಡಿದ್ದ ಚಾನ್ಸಲರ್, ಒಪ್ಪಂದ ಮುರಿದವನಿಗೆ ದಂಡ ಹಾಕಿ ಸುಮ್ಮನಾಗದೆ, ಒಪ್ಪಿದ ಕೆಲಸವನ್ನೇ ಮಾಡೆಂದು ಆದೇಶಿಸಬಲ್ಲವನಾಗಿದ್ದ. ಆಗಲಿರುವ ಹಾನಿಯನ್ನು ಮೊದಲೇ ತಡೆಯಬಲ್ಲವನಾಗಿದ್ದ. ನಂಬಿ ಒಪ್ಪಿಸಿದ ಆಸ್ತಿಯನ್ನು ನುಂಗಿಹಾಕಿದವನನ್ನು ಹೊಣೆಗಾರನನ್ನಾಗಿಸಬಲ್ಲವನಾಗಿದ್ದ. ಹೀಗೆ ಚಾನ್ಸರಿ ನ್ಯಾಯಾಲಯವೂ ಸಮನ್ಯಾಯ ಅಥವಾ ಈಕ್ವಿಟಿ ಎಂಬ ನ್ಯಾಯಪದ್ಧತಿಯೂ ಬೆಳೆದವು. ಸಾಮಾನ್ಯ ಕಾನೂನಿಗೂ ಈಕ್ವಿಟಿಗೂ ಘರ್ಷಣೆಯಾದಾಗ ಯಾವುದು ಮೇಲು ಎಂಬ ಪ್ರಶ್ನೆ ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ಕೋಕ್ ಮತ್ತು ಲಾರ್ಡ್ ಚಾನ್ಸಲರ್ ಎಲ್ಸ್‌ಮಿಯರ್ ನಡುವೆ ಜಗಳವಾಗಿ ಬೆಳೆದು, 1616ರಲ್ಲಿ ಒಂದನೇ ಜೇಮ್ಸ್ ದೊರೆ ಚಾನ್ಸಲರ್ ಪರವಾಗಿ ತೀರ್ಮಾನಿಸಿದ.

ಇದು ದೂರದ ದೇಶದ ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ಸಿವಿಲ್ ನ್ಯಾಯಾಲಯಗಳಲ್ಲಿ ಜಮೀನಿನ ವ್ಯಾಜ್ಯದಲ್ಲಿ ವಕೀಲರು ಕೇಳುವ ತಾತ್ಕಾಲಿಕ ತಡೆಯಾಜ್ಞೆ, ಕ್ರಯದ ಕರಾರು ಮಾಡಿಕೊಂಡು ನೋಂದಣಿಗೆ ಬಾರದವರ ಮೇಲೆ ಹೂಡುವ ದಾವೆ, ಇವೆರಡೂ ಚಾನ್ಸಲರ್‌ನ ಆ ಅಧಿಕಾರದಿಂದ ಹುಟ್ಟಿದ ಪರಿಹಾರಗಳು. ಇವುಗಳ ತತ್ವಗಳನ್ನು ಭಾರತದಲ್ಲಿ ಮೊದಲು 1877ರ, ಬಳಿಕ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಶಾಸನರೂಪಕ್ಕೆ ತಂದಿತು. ಇಂಗ್ಲೆಂಡಿನಲ್ಲಿ 1873 ಮತ್ತು 1875ರ ಕಾಯ್ದೆಗಳು ಎರಡು ಬಗೆಯ ನ್ಯಾಯಾಲಯಗಳನ್ನೂ ಒಂದುಗೂಡಿಸಿದವು. ಸಚಿವನೂ ನ್ಯಾಯಾಂಗದ ಮುಖ್ಯಸ್ಥನೂ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಅಧ್ಯಕ್ಷನೂ ಆಗಿದ್ದ ಲಾರ್ಡ್ ಚಾನ್ಸಲರ್‌ನಿಂದ ಕೊನೆಯ ಎರಡು ಸ್ಥಾನಗಳು 2005ರ ಸಂವಿಧಾನ ಸುಧಾರಣಾ ಕಾಯ್ದೆಯ ನಂತರ ಕೈಬಿಟ್ಟವು. ಬ್ರಿಟನ್ನಿನ ಹಣಕಾಸು ಸಚಿವರಾದ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಇವರಿಂದ ಬೇರೆ. ಆ ಹುದ್ದೆಯ ಮೂಲ ಖಜಾನೆಯ ಬರವಣಿಗೆ ಮತ್ತು ಮುದ್ರೆಯ ಕೆಲಸದಲ್ಲಿದೆ.

ಜರ್ಮನಿಯಲ್ಲಿ ಇದೇ ಹುದ್ದೆ ರಾಜಕೀಯದ ಶಿಖರಕ್ಕೇರಿತು. 1871ರ ಸಂವಿಧಾನದ ಪ್ರಕಾರ ಚಕ್ರವರ್ತಿಯ ಆಜ್ಞೆ ಸಿಂಧುವಾಗಬೇಕಾದರೆ ಅದಕ್ಕೆ ಚಾನ್ಸಲರ್‌ನ ಸಹಿಯೂ ಬೇಕಿತ್ತು, ಮತ್ತು ಸಹಿ ಹಾಕಿದವನು ಅದರ ಹೊಣೆಯನ್ನೂ ಹೊರಬೇಕಿತ್ತು. ಬಿಸ್ಮಾರ್ಕ್ ಸುಮಾರು ಎರಡು ದಶಕ ಆಳಿದ್ದು ಈ ಸ್ಥಾನದಿಂದ. 1949ರ ಮೂಲಶಾಸನ, ಅಂದರೆ ಜರ್ಮನಿಯ ಈಗಿನ ಸಂವಿಧಾನ, ಚಾನ್ಸಲರ್‌ಗೆ ಇನ್ನೊಂದು ಭದ್ರತೆ ಕೊಟ್ಟಿದೆ: ಬಹುಮತದಿಂದ ಮುಂದಿನ ಚಾನ್ಸಲರ್‌ನನ್ನು ಆರಿಸದೆ ಸಂಸತ್ತು ಈಗಿನವರನ್ನು ಅವಿಶ್ವಾಸದಿಂದ ಇಳಿಸುವಂತಿಲ್ಲ. ಮೊದಲ ಮಹಾಯುದ್ಧದ ನಂತರ ಹಿಟ್ಲರ್ ಬರುವವರೆಗೆ ಜರ್ಮನಿಯಲ್ಲಿದ್ದ ವೈಮಾರ್ ಗಣರಾಜ್ಯದಲ್ಲಿ ಸರ್ಕಾರವನ್ನು ಉರುಳಿಸಲು ಮಾತ್ರ ಒಂದಾಗಿ, ಕಟ್ಟಲು ಒಂದಾಗದ ಪಕ್ಷಗಳಿಂದ ಕಲಿತ ಪಾಠವಿದು. 1972ರಲ್ಲಿ ವಿಲ್ಲಿ ಬ್ರಾಂಟ್ ವಿರುದ್ಧ ನಡೆದ ಇಂಥ ಪ್ರಯತ್ನ ಎರಡು ಮತಗಳ ಕೊರತೆಯಿಂದ ಸೋತಿತು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಅವರನ್ನು ಇಳಿಸಿ ಹೆಲ್ಮುಟ್ ಕೋಲ್ ಅವರನ್ನು ಕೂರಿಸುವಲ್ಲಿ ಗೆದ್ದಿತು.

ವಿದ್ಯಾಕ್ಷೇತ್ರದ ಚಾನ್ಸಲರ್ ಬಂದದ್ದು ಚರ್ಚಿನಿಂದ. ಪ್ಯಾರಿಸ್ಸಿನಲ್ಲಿ ಬೋಧಿಸಲು ಬೇಕಾದ ಅನುಮತಿಪತ್ರವನ್ನು ಕೊಡುತ್ತಿದ್ದವನು ಅಲ್ಲಿನ ನೋಟ್ರಡಾಮ್ ಕೆಥೆಡ್ರಲ್ಲಿನ ಚಾನ್ಸಲರ್. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಈ ಸ್ಥಾನ ಕಾಲಕ್ರಮದಲ್ಲಿ ಗೌರವದ ಪೀಠವಾಗಿ, ದಿನನಿತ್ಯದ ಆಡಳಿತ ವೈಸ್ ಚಾನ್ಸಲರ್ ಪಾಲಿಗೆ ಬಂತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಗವರ್ನರ್ ಜನರಲ್ ಮತ್ತು ಗವರ್ನರುಗಳನ್ನೇ ಚಾನ್ಸಲರ್‌ಗಳನ್ನಾಗಿ ಮಾಡಲಾಯಿತು. ಪರಕೀಯ ಸರ್ಕಾರ ವಿದ್ಯಾಸಂಸ್ಥೆಗಳ ಮೇಲೆ ಹಿಡಿತ ಇಟ್ಟುಕೊಳ್ಳಲು ಮಾಡಿಕೊಂಡ ಏರ್ಪಾಡು ಸ್ವಾತಂತ್ರ್ಯದ ನಂತರವೂ ಹಾಗೆಯೇ ಮುಂದುವರಿದದ್ದು ಗಮನಿಸಬೇಕಾದ ಸಂಗತಿ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಮೊದಲ ಚಾನ್ಸಲರ್ ನಾಲ್ವಡಿ ಕೃಷ್ಣರಾಜ ಒಡೆಯರು. ಮೊದಲ ವೈಸ್ ಚಾನ್ಸಲರ್ ಎಚ್. ವಿ. ನಂಜುಂಡಯ್ಯನವರು.

ಕನ್ನಡದ ಹಳೆಯ ಬರಹಗಳಲ್ಲಿ ವೈಸ್ ಚಾನ್ಸಲರ್ ಅವರನ್ನು ‘ಉಪಕುಲಪತಿ’ ಎಂದು ಕರೆದಿರುವುದುಂಟು. ಈಗ ಅವರು ‘ಕುಲಪತಿ’, ಚಾನ್ಸಲರ್ ‘ಕುಲಾಧಿಪತಿ’, ರಿಜಿಸ್ಟ್ರಾರ್ ‘ಕುಲಸಚಿವ’. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಘಟಿಕೋತ್ಸವದ ವೇದಿಕೆಯಲ್ಲಿ ನಿಲುವಂಗಿ ತೊಟ್ಟು ಅಧ್ಯಕ್ಷತೆ ವಹಿಸುವ ಕುಲಾಧಿಪತಿಯನ್ನಷ್ಟೇ ಜನ ಕಾಣುತ್ತಾರೆ. ನಿಜವಾದ ಅಧಿಕಾರ ಕಾಣುವುದು ಕುಲಪತಿಯ ನೇಮಕದಲ್ಲಿ: ಶೋಧನಾ ಸಮಿತಿ ಸೂಚಿಸಿದ ಮೂರು ಹೆಸರುಗಳಲ್ಲಿ ಒಬ್ಬರನ್ನು ಅವರು ರಾಜ್ಯ ಸರ್ಕಾರದ ಸಹಮತಿಯೊಂದಿಗೆ ನೇಮಿಸುತ್ತಾರೆ. ಆ ಸಹಮತಿಯ ಷರತ್ತಿನಲ್ಲೇ ರಾಜಭವನ ಮತ್ತು ವಿಧಾನಸೌಧದ ನಡುವಿನ ಅನೇಕ ಎಳೆದಾಟಗಳ ಬೀಜವಿದೆ.

ರಾಜ್ಯಪಾಲರೇ ಕುಲಾಧಿಪತಿಯಾಗಿರಬೇಕೆಂದು ಸಂವಿಧಾನ ಎಲ್ಲಿಯೂ ಹೇಳಿಲ್ಲ. ಹೇಳಿರುವುದು ಆಯಾ ವಿಶ್ವವಿದ್ಯಾಲಯದ ಕಾಯ್ದೆ. ಆದ್ದರಿಂದಲೇ ವಿಶ್ವಭಾರತಿಯಲ್ಲಿ ಪ್ರಧಾನಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಉಪರಾಷ್ಟ್ರಪತಿ ಈ ಸ್ಥಾನದಲ್ಲಿರುವುದು ಸಾಧ್ಯವಾಗಿದೆ. ರಾಜ್ಯಪಾಲರ ಮೇಲೆ ಇಂಥ ಶಾಸನಬದ್ಧ ಹೊಣೆಗಳನ್ನು ಹೊರಿಸಬಾರದೆಂದು ಕೇಂದ್ರ-ರಾಜ್ಯ ಸಂಬಂಧಗಳ ಕುರಿತು 2010ರಲ್ಲಿ ವರದಿ ಕೊಟ್ಟ ಪೂಂಛಿ ಆಯೋಗ ಹೇಳಿತ್ತು. ಕೇರಳದ ಕಣ್ಣೂರು ವಿಶ್ವವಿದ್ಯಾಲಯದ ಕುಲಪತಿಯ ಮರುನೇಮಕವನ್ನು 2023ರ ನವೆಂಬರ್ 30ರಂದು ರದ್ದುಪಡಿಸಿದ ಸುಪ್ರೀಂ ಕೋರ್ಟ್, ಕುಲಾಧಿಪತಿಯಾಗಿ ರಾಜ್ಯಪಾಲರು ಸಚಿವ ಸಂಪುಟದ ಸಲಹೆಗೆ ಬದ್ಧರಲ್ಲವೆಂದೂ, ಕಾಯ್ದೆ ತಮಗೆ ಕೊಟ್ಟ ವಿವೇಚನೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಸಹಿ ಹಾಕಿದರೆ ಆ ನೇಮಕ ನಿಲ್ಲುವುದಿಲ್ಲವೆಂದೂ ತೀರ್ಪಿತ್ತಿತು. ಹಾಗಾಗಿ ವಿಶ್ವವಿದ್ಯಾಲಯದ ಕಡತವೊಂದಕ್ಕೆ ರಾಜ್ಯಪಾಲರ ಅಂಕಿತ ಬಿದ್ದ ಸುದ್ದಿಯನ್ನು ಓದುವಾಗ, ಅವರು ಅದನ್ನು ಸಂವಿಧಾನದ ಅಡಿಯಲ್ಲಿ ಹಾಕಿದರೋ ಕಾಯ್ದೆಯ ಅಡಿಯಲ್ಲಿ ಹಾಕಿದರೋ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.